ಕತೆ, ಕತ್ತೆ ಮತ್ತು ಸಾಕ್ಸ್: ಧ್ವನಿಸಂಸ್ಕರಣದ ಒಂದು ಸಾಧನವನ್ನು ಕುರಿತ ವಿಮರ್ಶೆ

ಧ್ವನಿವಿಜ್ಞಾನದ ಲೇಖನಗಳ ವಿಧಾನಭಾಗದಲ್ಲಿ ಒಂದು ವಾಕ್ಯ ತೀರ ರೂಢವಾಗಿಬಿಟ್ಟಿದೆ: ಧ್ವನಿಮುದ್ರಿಕೆಗಳನ್ನು 16 ಕಿಲೊಹರ್ಟ್ಸ್ ಮಾದರೀಕರಣ ದರದ ಏಕವಾಹಿನಿ ಕಡತಗಳಾಗಿ ಪರಿವರ್ತಿಸಲಾಯಿತು. ಬರೆಯುವವರಾಗಲಿ ಓದುವವರಾಗಲಿ ಅದರ ಮೇಲೆ ಕಣ್ಣು ನಿಲ್ಲಿಸುವುದಿಲ್ಲ. ಈ ಪತ್ರಿಕೆಯ ಎರಡೂ ಭಾಷೆಗಳ ಲೇಖನಗಳಲ್ಲಿ ಅದು ಕಾಣಸಿಗುತ್ತದೆ. ನಾವೂ ಅದನ್ನು ಬರೆದಿದ್ದೇವೆ. ಆಡಳಿತ ಕನ್ನಡದಲ್ಲಿ ‘ಆದೇಶಿಸಲಾಗಿದೆ’ ಎಂಬ ಕರ್ಮಣಿ ರೂಪ ಆದೇಶಿಸಿದವರನ್ನು ಹೇಗೆ ಮರೆಯಲ್ಲಿಡುತ್ತದೆಯೋ ಹಾಗೆಯೇ ‘ಪರಿವರ್ತಿಸಲಾಯಿತು’ ಎಂಬುದು ಪರಿವರ್ತಿಸಿದ ಸಾಧನವನ್ನೂ ಅದಕ್ಕೆ ಕೊಟ್ಟ ಸೂಚನೆಗಳನ್ನೂ ಮರೆಯಲ್ಲಿಡುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಆ ಸಾಧನ ಸಾಕ್ಸ್ ಎಂಬ ಕಮಾಂಡ್ ಲೈನ್ ತಂತ್ರಾಂಶ, ಇಲ್ಲವೇ ಅದರ ಗಣನಕ್ರಮವನ್ನು ಒಡಲಲ್ಲಿಟ್ಟುಕೊಂಡ ಬೇರೊಂದು ತಂತ್ರಾಂಶ. ಭಾಷಾವಿಜ್ಞಾನದ ಪುಸ್ತಕಗಳನ್ನು ವಿಮರ್ಶಿಸುವ ನಾವು, ಆ ಪುಸ್ತಕಗಳ ಅಂಕಿಅಂಶಗಳು ಹಾದುಬಂದ ಸಾಧನವನ್ನು ವಿಮರ್ಶೆಗೆ ಅರ್ಹವೆಂದು ಎಣಿಸಿದ್ದು ಕಡಿಮೆ. ಈ ಬರಹ ಆ ಕೊರತೆಯನ್ನು ಕುರಿತದ್ದು. ಇದರ ಹಿಂದೆ ನಮ್ಮದೇ ಒಂದು ತಪ್ಪಿದೆ. ಅದನ್ನು ಮುಂದೆ ಹೇಳಿದ್ದೇವೆ.

ನಮ್ಮ ಸಾಮಗ್ರಿ ಮೈಸೂರಿನ ಹಿನಕಲ್‌ನದು. ಹುಣಸೂರು ರಸ್ತೆಯನ್ನು ಹೊರವರ್ತುಲ ರಸ್ತೆ ದಾಟುವೆಡೆಯಲ್ಲಿರುವ ಈ ಊರು ನಗರದೊಳಗೆ ಸೇರಿಹೋದ ಹಳ್ಳಿ. ಹಳೆಯ ಬೀದಿಗಳಲ್ಲಿ ಇನ್ನೂ ಹಳೆಯ ಮೈಸೂರು ಸೀಮೆಯ ಗ್ರಾಮ್ಯ ಕನ್ನಡವಿದೆ. ಸುತ್ತಣ ಬಡಾವಣೆಗಳಲ್ಲಿ ಎಲ್ಲೆಲ್ಲಿಂದಲೋ ಬಂದು ನೆಲೆಸಿದವರ ಕನ್ನಡವಿದೆ. ಎರಡರ ಮೇಲೂ ಬೆಳಗಿನಿಂದ ರಾತ್ರಿಯವರೆಗೆ ಮೇಲ್ಸೇತುವೆಯ ಲಾರಿಗಳ ಸದ್ದಿದೆ. ಇದೇ ಹುಣಸೂರು ರಸ್ತೆಯಲ್ಲಿ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಮಾನಸಗಂಗೋತ್ರಿ. ಅಲ್ಲಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನವೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇವೆ. ಧ್ವನಿನಿರೋಧಕ ಕೋಣೆಯ ಮೌನಕ್ಕೂ ಹಿನಕಲ್‌ನ ಜಗಲಿಯ ಗದ್ದಲಕ್ಕೂ ನಡುವೆ ಇರುವುದು ಒಂದು ಬಸ್ಸಿನ ದಾರಿ. ಈ ಅಂತರ ಮುಂದಿನ ಚರ್ಚೆಗೆ ಬೇಕಾಗುತ್ತದೆ.

ಸಾಧನ

ಸಾಕ್ಸ್ ಅನ್ನು ಲ್ಯಾನ್ಸ್ ನಾರ್ಸ್‌ಕಾಗ್ ಅವರು 1991ರ ಜುಲೈನಲ್ಲಿ ಮೊದಲು ಬಿಡುಗಡೆ ಮಾಡಿದರು. 1996ರ ಸುಮಾರಿಗೆ ನಿರ್ವಹಣೆಯ ಹೊಣೆ ಕ್ರಿಸ್ ಬ್ಯಾಗ್‌ವೆಲ್ ಅವರ ಕೈಗೆ ಬಂತು. ಒಂದು ಧ್ವನಿಕಡತವನ್ನು ಮತ್ತೊಂದು ರೂಪಕ್ಕೆ ತರುವುದು ಅದರ ಮೂಲ ಉದ್ದೇಶ. ಕತ್ತರಿಸುವುದು, ಜೋಡಿಸುವುದು, ಮಾದರೀಕರಣ ದರ ಬದಲಿಸುವುದು, ಗದ್ದಲ ತಗ್ಗಿಸುವುದು, ಮೌನ ತೆಗೆಯುವುದು, ವೇಗ ಬದಲಿಸುವುದು, ರೋಹಿತಚಿತ್ರ ಬರೆಯುವುದು ಇವೆಲ್ಲ ಬರಬರುತ್ತ ಸೇರಿಕೊಂಡವು. 14.4.2 ಎಂಬ ಆವೃತ್ತಿ 2015ರ ಫೆಬ್ರವರಿಯಲ್ಲಿ ಬಂತು. ಇಂದಿಗೂ ಬಹುಮಂದಿಯ ಯಂತ್ರಗಳಲ್ಲಿರುವುದು ಅದೇ.

ಇದರ ಗುಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಸಾವಿರ ಕಡತಗಳಿಗೆ ಒಂದೇ ಕ್ರಿಯೆಯನ್ನು ಒಂದೇ ಬಗೆಯಲ್ಲಿ ಮಾಡಿಸಬಹುದು. ಮೌಸ್ ಹಿಡಿದು ಕಿಟಕಿ ಕಿಟಕಿಯಲ್ಲಿ ಮಾಡಿದ ಸಂಪಾದನೆಗೆ ದಾಖಲೆಯಿರುವುದಿಲ್ಲ. ಇಲ್ಲಿ ಬೆರಳಚ್ಚಿಸಿದ ಸಾಲೇ ದಾಖಲೆ. ಅದನ್ನು ಹಾಗೆಯೇ ಲೇಖನದಲ್ಲಿ ಮುದ್ರಿಸಬಹುದು, ಇನ್ನೊಬ್ಬರು ಅದನ್ನು ಮತ್ತೆ ನಡೆಸಿ ನೋಡಬಹುದು. ಹಣ ತೆರಬೇಕಿಲ್ಲ, ಮೂಲಸಂಕೇತ ಮುಕ್ತವಾಗಿದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ನಮ್ಮ ಸಂಶೋಧನ ವಿದ್ಯಾರ್ಥಿಗಳ ಸ್ಥಿತಿಗತಿಯನ್ನು ಬಲ್ಲವರಿಗೆ ಇದು ಸಣ್ಣ ಮಾತಾಗಿ ತೋರದು. ಮಾದರೀಕರಣ ದರ ಬದಲಿಸುವ ಅದರ ಗಣನಕ್ರಮದ ಗುಣಮಟ್ಟ ಎಷ್ಟು ಮನ್ನಣೆ ಪಡೆದಿದೆಯೆಂದರೆ, ಅದು ಲಿಬ್‌ಸಾಕ್ಸರ್ ಎಂಬ ಪ್ರತ್ಯೇಕ ಗ್ರಂಥಾಲಯವಾಗಿ ಹೊರಬಂದಿದೆ. ಪೈಥಾನ್ ಬಳಸುವವರಿಗೆ ಪರಿಚಿತವಾದ ಲಿಬ್ರೋಸಾ ತನ್ನ 0.10ನೆಯ ಆವೃತ್ತಿಯಿಂದ ರೂಢಿಯಾಗಿ ಅದನ್ನೇ ಬಳಸುತ್ತದೆ. ವಾಕ್‌ಗುರುತಿಸುವಿಕೆಯ ಕ್ಷೇತ್ರದಲ್ಲಿ ಕಾಲ್ಡಿಯ ಸಿದ್ಧಪಾಠಗಳು ಮೂಲಧ್ವನಿಯ 0.9 ಮತ್ತು 1.1 ಪಟ್ಟು ವೇಗದ ಪ್ರತಿಗಳನ್ನು ತಯಾರಿಸಿಕೊಳ್ಳುವುದು ಸಾಕ್ಸ್‌ನ ‘ಸ್ಪೀಡ್’ ಮೂಲಕವೇ. ಸಾಕ್ಸ್‌ನ ಹೆಸರನ್ನೇ ಕೇಳದವರೂ ಅದನ್ನು ಬಳಸುತ್ತಿರಬಹುದು ಎಂದದ್ದು ಈ ಅರ್ಥದಲ್ಲಿ.

ಸಾಕ್ಸ್‌ನ ಪದಕ್ರಮ

ಸಾಕ್ಸ್‌ನ ಆಜ್ಞೆಗೆ ಒಂದು ವ್ಯಾಕರಣವಿದೆ. ಅದು ಕಟ್ಟುನಿಟ್ಟಾದ ಪದಕ್ರಮದ ವ್ಯಾಕರಣ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳಿರುವುದರಿಂದ ನಾಯಿ ಬೆಕ್ಕನ್ನು ಕಚ್ಚಿದರೂ ಬೆಕ್ಕನ್ನು ನಾಯಿ ಕಚ್ಚಿದರೂ ಕಚ್ಚಿಸಿಕೊಂಡದ್ದು ಬೆಕ್ಕೇ. ಸಾಕ್ಸ್‌ನಲ್ಲಿ ಪ್ರತ್ಯಯಗಳಿಲ್ಲ. ಕಡತದ ಲಕ್ಷಣಗಳನ್ನು ಹೇಳುವ ಆಯ್ಕೆಗಳು ತಮ್ಮ ಮುಂದೆ ಬರುವ ಕಡತಕ್ಕೆ ಅನ್ವಯಿಸುತ್ತವೆ; ಸಂಸ್ಕರಣದ ಕ್ರಿಯೆಗಳು ಕೊನೆಯಲ್ಲಿ, ಉತ್ಪನ್ನ ಕಡತದ ಹೆಸರಿನ ನಂತರ ಬರುತ್ತವೆ. ಮಾದರೀಕರಣ ದರದ ಆಯ್ಕೆಯನ್ನು ಉತ್ಪನ್ನ ಕಡತದ ಮುಂದಿಟ್ಟರೆ ಅದು ‘ಇದನ್ನು ಈ ದರಕ್ಕೆ ಪರಿವರ್ತಿಸು’ ಎಂಬ ವಿಧಿ. ಅದೇ ಆಯ್ಕೆಯನ್ನು ಮೂಲ ಕಡತದ ಮುಂದಿಟ್ಟರೆ ‘ಇದರ ದರ ನಿಜವಾಗಿ ಇಷ್ಟು, ಶಿರೋಲೇಖ ಹೇಳುವುದನ್ನು ನಂಬಬೇಡ’ ಎಂಬ ಹೇಳಿಕೆ.

48 ಕಿಲೊಹರ್ಟ್ಸ್‌ನ ವೇವ್ ಕಡತವೊಂದರ ಮುಂದೆ 44.1 ಎಂದು ಬರೆದೆವೆನ್ನೋಣ. ಸಾಕ್ಸ್ ವಿಧೇಯವಾಗಿ ಅದನ್ನು ನಂಬುತ್ತದೆ. ಧ್ವನಿ ಶೇಕಡ 8.8ರಷ್ಟು ದೀರ್ಘವಾಗುತ್ತದೆ, ಮೂಲಸ್ವನವೂ ಫಾರ್ಮಂಟ್‌ಗಳೂ ಶೇಕಡ 8.1ರಷ್ಟು ಕೆಳಗಿಳಿಯುತ್ತವೆ. 500 ಹರ್ಟ್ಸ್‌ನ ಮೊದಲ ಫಾರ್ಮಂಟ್ 459 ಆಗುತ್ತದೆ. ದರ ಅರ್ಧಕ್ಕಿಳಿದಿದ್ದರೆ ಕಿವಿಗೆ ಒಡನೆ ತಿಳಿಯುತ್ತಿತ್ತು. ಇಷ್ಟು ಸಣ್ಣ ವ್ಯತ್ಯಾಸ, ಅದರಲ್ಲೂ ಪರಿಚಯವಿಲ್ಲದ ಭಾಷಕರ ದನಿಯಲ್ಲಿ, ಜಾರಿಹೋಗುತ್ತದೆ. ಒಂದು ಗುಂಪಿನ ಭಾಷಕರನ್ನು ಒಂದು ಯಂತ್ರದಲ್ಲೂ ಇನ್ನೊಂದು ಗುಂಪನ್ನು ಮತ್ತೊಂದರಲ್ಲೂ ಮುದ್ರಿಸಿ ಹೀಗೆ ಮಾಡಿದರೆ, ಎರಡು ಗುಂಪುಗಳ ಸ್ವರತ್ರಿಕೋನಗಳ ನಡುವೆ ಅಚ್ಚುಕಟ್ಟಾದ, ಅಂಕಿಅಂಶ ಪರೀಕ್ಷೆಯಲ್ಲಿ ಗೆಲ್ಲುವ ಭೇದವೊಂದು ಹುಟ್ಟುತ್ತದೆ. ಅದಕ್ಕೆ ಸಾಮಾಜಿಕ ವಿವರಣೆ ಕೊಡುವುದೂ ಕಷ್ಟವಾಗದು.

ಪದಕ್ರಮದಿಂದ ಹುಟ್ಟುವ ಇನ್ನೊಂದು ಅಪಾಯ ಇದಕ್ಕಿಂತ ಕಠೋರ. ಎರಡು ಕಡತಗಳನ್ನು ಕೇಳಿಸಲು ‘ಪ್ಲೇ’ ಎಂದು ಬರೆಯಬೇಕಾದಲ್ಲಿ ಅಭ್ಯಾಸಬಲದಿಂದ ‘ಸಾಕ್ಸ್’ ಎಂದು ಬರೆದರೆ, ಎರಡನೆಯ ಕಡತ ಉತ್ಪನ್ನವೆಂದು ಪರಿಗಣಿತವಾಗಿ ಅದರ ಮೇಲೆ ಮೊದಲನೆಯದು ಬರೆದುಹೋಗುತ್ತದೆ. ಸಾಕ್ಸ್ ರೂಢಿಯಾಗಿ ಅನುಮತಿ ಕೇಳುವುದಿಲ್ಲ. ಕೇಳಬೇಕೆಂದು ಹೇಳುವ ‘ನೋ ಕ್ಲಾಬರ್’ ಎಂಬ ಆಯ್ಕೆಯಿದೆ. ಅದನ್ನು ಬಳಸಿರೆಂದು ಸಾಕ್ಸ್‌ನ ಕೈಪಿಡಿಯೇ ಸಲಹೆ ಮಾಡುತ್ತದೆ, ಪರಿಸರಚರದ ಮೂಲಕ ಅದನ್ನು ಶಾಶ್ವತವಾಗಿ ಇರಿಸಿಕೊಳ್ಳುವ ದಾರಿಯನ್ನೂ ತೋರಿಸುತ್ತದೆ. ಕೈಪಿಡಿ ಬರೆದವರಿಗೆ ಗೊತ್ತಿದ್ದ ಅಪಾಯವನ್ನು ರೂಢಿಯ ನಡವಳಿಕೆಯಾಗಿ ಏಕೆ ಉಳಿಸಿಕೊಂಡರೆಂಬುದು ನಮಗೆ ಅರ್ಥವಾಗಿಲ್ಲ. ಎರಡನೆಯ ಬಾರಿ ಮುದ್ರಿಸಲಾಗದ ಧ್ವನಿಗಳನ್ನು ಇಟ್ಟುಕೊಂಡಿರುವವರ ದೃಷ್ಟಿಯಿಂದ ಇದು ಈ ತಂತ್ರಾಂಶದ ಅತಿ ದೊಡ್ಡ ದೋಷ.

ಮೌನವೆಂದರೆ ಏನು

ವಾಕ್‌ತಂತ್ರಜ್ಞಾನದ ಉದ್ದೇಶಕ್ಕಾಗಿ ಧ್ವನಿಸಂಗ್ರಹ ಮಾಡುವವರು ಮೊದಲು ಮಾಡುವ ಕೆಲಸಗಳಲ್ಲಿ ಒಂದು ಮೌನವನ್ನು ತೆಗೆದುಹಾಕುವುದು. ಅದಕ್ಕಾಗಿ ಸಾಕ್ಸ್‌ನಲ್ಲಿ ‘ಸೈಲೆನ್ಸ್’ ಎಂಬ ಕ್ರಿಯೆಯಿದೆ. ಅದರ ಮುಂದೆ ಬರೆಯುವ ಅಂಕೆಗಳ ಸಾಲು ಕೈಯಿಂದ ಕೈಗೆ ಹಸ್ತಪ್ರತಿಯಂತೆ ಸಾಗಿಬರುತ್ತದೆ. ‘ಸೈಲೆನ್ಸ್ 1 0.1 1% -1 0.1 1%’ ಎಂಬಂಥ ಸಾಲು ಅದರ ಒಂದು ಪಾಠ. ಇದರ ತಾತ್ಪರ್ಯ ಹೀಗೆ: ಗರಿಷ್ಠ ಮಟ್ಟದ ಶೇಕಡ 1ಕ್ಕಿಂತ, ಅಂದರೆ ಮೈನಸ್ 40 ಡೆಸಿಬೆಲ್‌ಗಿಂತ ಕೆಳಗಿರುವುದು ಮೌನ, ಅಂಥ ಮೌನ 0.1 ಸೆಕೆಂಡು ಮುಂದುವರಿದರೆ ಅದನ್ನು ತೆಗೆ. ಕಡತದ ಕೊನೆಯಲ್ಲಿ ಮಾತ್ರವಲ್ಲದೆ ನಡುವೆಯೂ ತೆಗೆ. ಕೊನೆಯ ಈ ವಿಧಿಯನ್ನು ಹೇಳುವುದು ಆ ಒಂದರ ಹಿಂದಿನ ಋಣಚಿಹ್ನೆ.

ಈ ಸಾಲಿಗೆ ಕನ್ನಡವನ್ನು ಒಡ್ಡಿ ನೋಡಿ. ಕತೆ, ಕತ್ತೆ ಎಂಬ ಜೋಡಿಯಲ್ಲಿ ಅರ್ಥಭೇದವನ್ನು ಹೊತ್ತಿರುವುದು ತಕಾರದ ಸ್ಪರ್ಶಾವಧಿ. ನಾಲಿಗೆ ಹಲ್ಲಿಗೆ ಒತ್ತಿ ನಿಂತಿರುವ ಆ ಅವಧಿಯಲ್ಲಿ ಅಘೋಷ ವ್ಯಂಜನಕ್ಕೆ ದನಿಯೇ ಇಲ್ಲ. ಧ್ವನಿತರಂಗದ ಮಟ್ಟದಲ್ಲಿ ಅದು ಮೌನ. ಧ್ವನಿಮಾದ ಮಟ್ಟದಲ್ಲಿ ಅದೇ ವ್ಯಂಜನ. ಎಚ್ಚರದ ಉಚ್ಚಾರಣೆಯಲ್ಲಿ ಕನ್ನಡದ ಅಘೋಷ ದ್ವಿತ್ವದ ಸ್ಪರ್ಶಾವಧಿ 150 ಮಿಲಿಸೆಕೆಂಡನ್ನು ಮೀರುವುದು ಅಪರೂಪವಲ್ಲ. ಒಂಟಿ ತಕಾರದ್ದು ಸಾಮಾನ್ಯವಾಗಿ 100ರ ಒಳಗೇ ಇರುತ್ತದೆ. ಮೇಲಿನ ಸಾಲು ಒಂಟಿ ತಕಾರವನ್ನು ಮುಟ್ಟುವುದಿಲ್ಲ, ಏಕೆಂದರೆ ಅದರ ಮೌನ 0.1 ಸೆಕೆಂಡಿಗೆ ಮುನ್ನವೇ ಮುಗಿಯುತ್ತದೆ. ದ್ವಿತ್ವವನ್ನು ಮುಟ್ಟುತ್ತದೆ. ಮುಟ್ಟಿದ ಮೇಲೆ 0.1 ಸೆಕೆಂಡನ್ನು ಉಳಿಸಿ ಹೆಚ್ಚಿನದನ್ನು ಮಾತ್ರ ಕತ್ತರಿಸುತ್ತದೆಯೆಂದು ಹಲವರು ಭಾವಿಸಿದ್ದಾರೆ. ಹಾಗಲ್ಲ. ಉಳಿಸಬೇಕೆಂದರೆ ಅದಕ್ಕೆ ಬೇರೆಯೇ ಆಯ್ಕೆಯಿದೆ. ಅದಿಲ್ಲದಿದ್ದರೆ ಮೌನದ ಆ ತುಂಡು ಬಹುಮಟ್ಟಿಗೆ ಪೂರ್ತಿಯಾಗಿ ಹೋಗುತ್ತದೆ. ಪರಿಣಾಮವಾಗಿ ಸಂಸ್ಕರಿಸಿದ ಕಡತದಲ್ಲಿ ಕತ್ತೆಯ ತ್ತಕಾರ ಕತೆಯ ತಕಾರಕ್ಕಿಂತಲೂ ಹ್ರಸ್ವವಾಗಿರುತ್ತದೆ. ಭೇದ ಅಳಿಯುವುದಕ್ಕಿಂತ ಮುಂದೆ ಹೋಗಿ ತಲೆಕೆಳಗಾಗುತ್ತದೆ.

ಈ ಸಾಲನ್ನು ಎರಡು ಬಗೆಯ ಮುದ್ರಿಕೆಗಳ ಮೇಲೆ ನಡೆಸಿ ನೋಡಿದಾಗ ನಮಗೆ ಕಂಡದ್ದು ಇನ್ನಷ್ಟು ಯೋಚನೆಗೆ ಹಚ್ಚುವಂಥದು. ನಿಶ್ಶಬ್ದ ಕೋಣೆಯ ಮುದ್ರಿಕೆಯಲ್ಲಿ ದ್ವಿತ್ವಗಳು ಕುಸಿದವು. ಹಿನಕಲ್‌ನ ಜಗಲಿಯಲ್ಲಿ ಮುದ್ರಿಸಿದ್ದರಲ್ಲಿ ಒಂದೂ ಕುಸಿಯಲಿಲ್ಲ. ಅಲ್ಲಿ ನಾಲಿಗೆ ಒತ್ತಿ ನಿಂತ ಹೊತ್ತಿನಲ್ಲೂ ಲಾರಿಯ ಸದ್ದು ಮೈನಸ್ 40 ಡೆಸಿಬೆಲ್‌ಗಿಂತ ಮೇಲೆಯೇ ಇತ್ತು. ಸಾಕ್ಸ್‌ನ ಲೆಕ್ಕಕ್ಕೆ ಮೌನವೇ ಸಿಗಲಿಲ್ಲ. ಒಳ್ಳೆಯ ಮುದ್ರಿಕೆ ಕೆಟ್ಟಿತು, ಕೆಟ್ಟ ಮುದ್ರಿಕೆ ಉಳಿಯಿತು. ನಗರದ ಭಾಷಕರನ್ನು ಪ್ರಯೋಗಾಲಯಕ್ಕೆ ಕರೆತಂದು, ಹಳ್ಳಿಯ ಭಾಷಕರನ್ನು ಅವರ ಮನೆಯಲ್ಲೇ ಮುದ್ರಿಸುವುದು ನಮ್ಮಲ್ಲಿ ಸಾಮಾನ್ಯ ಪದ್ಧತಿ. ಹಾಗೆ ಸಂಗ್ರಹಿಸಿದ ಸಾಮಗ್ರಿಯನ್ನು ಈ ಸಾಲಿನ ಮೂಲಕ ಹಾಯಿಸಿದರೆ, ನಗರದ ಕನ್ನಡದಲ್ಲಿ ದ್ವಿತ್ವ ಸಡಿಲವಾಗುತ್ತಿದೆ, ಗ್ರಾಮ್ಯದಲ್ಲಿ ಗಟ್ಟಿಯಾಗಿದೆ ಎಂಬ ‘ಶೋಧ’ ತಾನಾಗಿ ಒದಗುತ್ತದೆ. ನಾವು ಪರಿಶೀಲನೆಗೆ ಓದಿದ ಒಂದು ಅಪ್ರಕಟಿತ ಅಧ್ಯಾಯ ಇದಕ್ಕೆ ಬಹಳ ಹತ್ತಿರ ಬಂದಿತ್ತು. ಮೂಲ ಕಡತಗಳಿಂದ ಮತ್ತೆ ಅಳೆದಾಗ ಆ ಭೇದ ಉಳಿಯಲಿಲ್ಲ. ಆ ವಿದ್ಯಾರ್ಥಿ ಅಧ್ಯಾಯವನ್ನು ತಿದ್ದಿಕೊಂಡರು. ಅವರ ಬಳಿ ಮೂಲ ಕಡತಗಳಿದ್ದದ್ದರಿಂದ ಅದು ಸಾಧ್ಯವಾಯಿತು.

ದೋಷ ಸಾಕ್ಸ್‌ನದೇ? ಅವಧಿಯನ್ನು 0.1ರ ಬದಲು 0.5 ಸೆಕೆಂಡು ಎಂದು ಕೊಟ್ಟಿದ್ದರೆ ಪದದೊಳಗಿನ ಯಾವ ಸ್ಪರ್ಶವೂ ಅದಕ್ಕೆ ಸಿಗುತ್ತಿರಲಿಲ್ಲ. ಅಂಕೆಯನ್ನು ಕೊಟ್ಟದ್ದು ಬಳಕೆದಾರರು. ಆದರೆ ‘ಸೈಲೆನ್ಸ್’ ಎಂಬ ಹೆಸರೇ ಒಂದು ಸಿದ್ಧಾಂತವನ್ನು ಹೇಳುತ್ತದೆ: ಮಟ್ಟ ಇಳಿದಲ್ಲಿ ಮಾತಿಲ್ಲ. ದ್ವಿತ್ವ ಧ್ವನಿಮಾತ್ಮಕವಲ್ಲದ ಭಾಷೆಗಳ ಮೇಲೆ ಪರೀಕ್ಷಿತವಾದ ಅಂಕೆಗಳು ಆ ಸಿದ್ಧಾಂತದ ಜೊತೆಗೆ ಬರುತ್ತವೆ. ಕನ್ನಡ, ತೆಲುಗು, ತಮಿಳು, ಮಲಯಾಳಂಗಳಲ್ಲಿ ಕೆಲಸ ಮಾಡುವವರು ಅವನ್ನು ಹಾಗೆಯೇ ಸ್ವೀಕರಿಸುವುದು ಅಸಡ್ಡೆ.

ಗದ್ದಲ ಮತ್ತು ಹಕಾರ

ಇನ್ನು ನಮ್ಮ ತಪ್ಪು. ಡಾಕ್ಟರೇಟ್ ಅಧ್ಯಯನದ ಕಾಲದಲ್ಲಿ ಹಿನಕಲ್‌ನ ಹಳೆಯ ಬೀದಿಯೊಂದರ ವೃದ್ಧೆಯೊಬ್ಬರ ಮಾತನ್ನು ನಾವು ಮುದ್ರಿಸಿದ್ದೆವು. ಹತ್ತಿ ಬಿಡಿಸುವ ಕೆಲಸ, ಹಬ್ಬದ ಹೋಳಿಗೆ, ಹುಣಸೂರಿಗೆ ನಡೆದುಹೋದ ನೆನಪು ಹೀಗೆ ಅವರ ಮಾತು ಸಾಗಿತ್ತು. ತಲೆಯ ಮೇಲೆ ಫ್ಯಾನು, ಹೊರಗೆ ರಸ್ತೆ. ಮುದ್ರಿಕೆಯನ್ನು ‘ಶುದ್ಧ’ಗೊಳಿಸಲು ಸಾಕ್ಸ್‌ನ ‘ನಾಯ್ಸ್‌ಪ್ರೊಫ್’, ‘ನಾಯ್ಸ್‌ರೆಡ್’ ಎಂಬ ಜೋಡಿಯನ್ನು ಬಳಸಿದೆವು. ಮೊದಲನೆಯದು ಮಾತಿಲ್ಲದ ಒಂದು ತುಂಡಿನಿಂದ ಗದ್ದಲದ ರೋಹಿತವನ್ನು ಕಲಿಯುತ್ತದೆ. ಎರಡನೆಯದು ಇಡೀ ಕಡತದಲ್ಲಿ ಪ್ರತಿ ಆವರ್ತನಪಟ್ಟಿಯಲ್ಲೂ ಆ ಮಟ್ಟಕ್ಕೆ ಸಮೀಪದ ಶಕ್ತಿಯನ್ನು ತಗ್ಗಿಸುತ್ತದೆ. ತಗ್ಗಿಸುವ ಪ್ರಮಾಣ 0ಯಿಂದ 1ರವರೆಗೆ, ರೂಢಿ 0.5. ಕೇಳಲು ಹಿತವಾಗಿತ್ತು. ಆ ಕಡತದಿಂದಲೇ ಲಿಪ್ಯಂತರ ಮಾಡಿದೆವು. ಪದಾದಿಯ ಹಕಾರ ಹಲವೆಡೆ ಇರಲಿಲ್ಲ: ಅತ್ತಿ, ಅಬ್ಬ, ಓಳಿಗೆ.

ಹಳೆಯ ಮೈಸೂರು ಸೀಮೆಯ ಗ್ರಾಮ್ಯದಲ್ಲಿ ಹಾಲು ಆಲಾಗುವುದು, ಹೋಗು ಓಗಾಗುವುದು ಸುಪರಿಚಿತ. ನಮ್ಮ ನಿರೀಕ್ಷೆಯೂ ಅದೇ ಆಗಿದ್ದರಿಂದ ಅನುಮಾನ ಬರಲಿಲ್ಲ. ವರ್ಷಗಳ ಬಳಿಕ, ಬೇರೊಂದು ಕೆಲಸಕ್ಕಾಗಿ ಅದೇ ಸಂಸ್ಕರಣವನ್ನು ನಮ್ಮದೇ ದನಿಯ ಮೇಲೆ ನಡೆಸಿದಾಗ, ಹಕಾರವನ್ನು ಸ್ಪಷ್ಟವಾಗಿ ಆಡಿದ್ದ ನಮ್ಮ ಬಾಯಲ್ಲೂ ಅತ್ತಿ ಎಂದೇ ಕೇಳಿಸಿತು. ಕಾರಣ ಸರಳ. ಅಘೋಷ ಹಕಾರ ಕಂಠದಿಂದ ಹೊರಡುವ ದುರ್ಬಲ, ವಿಸ್ತಾರ ರೋಹಿತದ ಉಸಿರಿನ ಸದ್ದು. ಫ್ಯಾನಿನ ಸದ್ದೂ ವಿಸ್ತಾರ ರೋಹಿತದ ಗಾಳಿಯ ಸದ್ದು. ವಿರಾಮದ ನಂತರದ ಪದಾದಿಯಲ್ಲಿ ಎರಡನ್ನೂ ಬೇರ್ಪಡಿಸಲು ಮಟ್ಟವೊಂದನ್ನೇ ನಂಬಿದ ಸಾಧನಕ್ಕೆ ಆಧಾರವೇ ಇಲ್ಲ. ಜೊತೆಗೆ, ಸಾಕ್ಸ್‌ನ ಈ ಕ್ರಿಯೆ 2048 ಮಾದರಿಗಳ ಕಿಟಕಿಯಲ್ಲಿ ವಿಶ್ಲೇಷಿಸುತ್ತದೆ, 44.1 ಕಿಲೊಹರ್ಟ್ಸ್‌ನಲ್ಲಿ ಅದು ಸುಮಾರು 46 ಮಿಲಿಸೆಕೆಂಡು, 16 ಕಿಲೊಹರ್ಟ್ಸ್‌ಗೆ ಇಳಿಸಿದ ಮೇಲೆ ನಡೆಸಿದರೆ 128. ಮಹಾಪ್ರಾಣದ ಉಸಿರು, ಸ್ಪರ್ಶದ ಸ್ಫೋಟ ಇವುಗಳ ಆಯಸ್ಸಿಗೆ ಹೋಲಿಸಿದರೆ ಈ ಕಿಟಕಿ ಬಲು ಅಗಲ. ಖರ ಕರವಾಗುವುದಕ್ಕೂ ಘನ ಗನವಾಗುವುದಕ್ಕೂ ಇಷ್ಟು ಸಾಕು.

ಹಕಾರಲೋಪ ಕನ್ನಡ ಸಮಾಜದಲ್ಲಿ ತಟಸ್ಥ ಲಕ್ಷಣವಾಗಿದ್ದರೆ ಇದನ್ನು ಅಳತೆಯ ದೋಷವೆಂದು ಬರೆದು ಮುಗಿಸಬಹುದಿತ್ತು. ಅದು ತಟಸ್ಥವಲ್ಲ. ಶಾಲೆಯಲ್ಲಿ, ನಾಟಕದಲ್ಲಿ, ಸಿನಿಮಾದ ಹಾಸ್ಯದಲ್ಲಿ ಅದನ್ನು ಅಶಿಕ್ಷಿತರ ಗುರುತಾಗಿ ಆಡಿಕೊಳ್ಳುತ್ತಾರೆ. ಒಬ್ಬರ ಬಾಯಿಂದ ಹಕಾರವನ್ನು ತಂತ್ರಾಂಶ ತೆಗೆದುಹಾಕಿತು. ಅವರ ಹೆಸರು ಹೇಳದೆಯಾದರೂ ಅವರ ಬೀದಿಯ, ಅವರ ತಲೆಮಾರಿನ ಲಕ್ಷಣವೆಂದು ನಾವು ಅದನ್ನು ಬರೆದೆವು. ಅವರು ನಿಜವಾಗಿ ಹಕಾರವನ್ನು ಬಿಟ್ಟಿದ್ದರೂ ಬಿಟ್ಟಿರಬಹುದು. ಅದನ್ನು ತೀರ್ಮಾನಿಸಲು ಮೂಲ ಕಡತ ಬೇಕು. ಡಿಸ್ಕಿನಲ್ಲಿ ಜಾಗವಿಲ್ಲವೆಂದು, ಶುದ್ಧ ಪ್ರತಿ ಇದೆಯಲ್ಲ ಎಂದು, ನಾವು ಅದನ್ನು ಅಳಿಸಿದ್ದೆವು.

ಧ್ವನಿಸಂರಕ್ಷಣೆಯ ಕ್ಷೇತ್ರ ಈ ಪಾಠವನ್ನು ಎಂದೋ ಕಲಿತಿದೆ. ಅಂತರರಾಷ್ಟ್ರೀಯ ಧ್ವನಿ ಮತ್ತು ದೃಶ್ಯಶ್ರವ್ಯ ಸಂಗ್ರಹಾಗಾರಗಳ ಸಂಘದ ಮಾರ್ಗಸೂಚಿಗಳು ಹಳೆಯ ಮುದ್ರಿಕೆಗಳನ್ನು ಗದ್ದಲಸಮೇತ, ಯಾವ ‘ಸುಧಾರಣೆ’ಯೂ ಇಲ್ಲದೆ, ಕನಿಷ್ಠ 48 ಕಿಲೊಹರ್ಟ್ಸ್ ಮತ್ತು 24 ಬಿಟ್‌ನಲ್ಲಿ ಡಿಜಿಟಲ್ ರೂಪಕ್ಕೆ ತರಬೇಕೆಂದು ಹೇಳುತ್ತವೆ. ಗ್ರಿಯರ್ಸನ್ ಅವರ ಭಾಷಾ ಸರ್ವೇಕ್ಷಣೆಗಾಗಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ತಯಾರಾದ ಗ್ರಾಮಫೋನ್ ತಟ್ಟೆಗಳಲ್ಲಿ ಕನ್ನಡವೂ ಇದೆ. ಅವುಗಳ ಕರಕರ ಸದ್ದಿನಡಿಯಲ್ಲಿ ಹಕಾರ ಉಳಿದಿದೆಯೇ ಎಂದು ಇಂದೂ ಕಿವಿಗೊಟ್ಟು ಕೇಳಬಹುದು, ನಾಳೆ ಇನ್ನೂ ಉತ್ತಮ ಸಾಧನದಿಂದ ಕೇಳಬಹುದು. ನಮ್ಮ ಶುದ್ಧ ಕಡತಕ್ಕೆ ಆ ನಾಳೆಯಿಲ್ಲ.

ಉಳಿದ ಕೆಲವು ಸಂಗತಿಗಳು

ಎರಡು ವಾಹಿನಿಗಳನ್ನು ಒಂದಾಗಿಸುವಾಗ ಸಾಕ್ಸ್ ಎರಡರ ಸರಾಸರಿ ತೆಗೆಯುತ್ತದೆ. ಎಡವಾಹಿನಿಯಲ್ಲಿ ಕೊರಳಪಟ್ಟಿಯ ಮೈಕು, ಬಲವಾಹಿನಿಯಲ್ಲಿ 60 ಸೆಂಟಿಮೀಟರ್ ಹೆಚ್ಚು ದೂರದ ಇನ್ನೊಂದು ಮೈಕು ಇದ್ದರೆ, ದನಿ ಎರಡನೆಯದನ್ನು ಸುಮಾರು 1.75 ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ. ಎರಡನ್ನೂ ಕೂಡಿಸಿದಾಗ 286 ಹರ್ಟ್ಸ್‌ನ ಬಳಿ ಒಂದು ಕುಳಿ, 858ರ ಬಳಿ ಇನ್ನೊಂದು, ಹೀಗೆ ಸಾಲಾಗಿ ಕುಳಿಗಳು ಬೀಳುತ್ತವೆ. ಎರಡು ಮೈಕುಗಳ ಮಟ್ಟ ಸಮೀಪವಿದ್ದಷ್ಟೂ ಆಳವಾಗಿ. ಇಕಾರ, ಉಕಾರಗಳ ಮೊದಲ ಫಾರ್ಮಂಟ್ ಇರುವುದು ಅಲ್ಲೇ. ‘ರೀಮಿಕ್ಸ್’ ಬಳಸಿ ಒಂದೇ ವಾಹಿನಿಯನ್ನು ಆರಿಸಿಕೊಂಡರೆ ಈ ತೊಂದರೆಯಿಲ್ಲ.

16 ಕಿಲೊಹರ್ಟ್ಸ್‌ಗೆ ಇಳಿಸಿದ ಕಡತದಲ್ಲಿ 8 ಕಿಲೊಹರ್ಟ್ಸ್‌ನ ಮೇಲೆ ಏನೂ ಉಳಿಯದು. ಸ್ವರಗಳಿಗೆ ಇದರಿಂದ ಬಾಧೆಯಿಲ್ಲ. ಸಕಾರದ ಶಕ್ತಿಯ ಗಣನೀಯ ಪಾಲು ಆ ಗಡಿಯಾಚೆಗೂ ಹರಡಿರುವುದರಿಂದ, ಸಕಾರ ಶಕಾರಗಳ ರೋಹಿತಕೇಂದ್ರವನ್ನು ಅಂಥ ಕಡತದಲ್ಲಿ ಅಳೆದು ಭೇದ ಕಿರಿದಾಗಿದೆ ಎನ್ನುವುದು ಅರ್ಥಹೀನ.

ಕೆಲವರು ಚಿಂತಿಸುವ ಆದರೆ ಚಿಂತಿಸಬೇಕಿಲ್ಲದ ವಿಷಯಗಳೂ ಇವೆ. ಬಿಟ್ ಆಳವನ್ನು ಇಳಿಸುವಾಗ ಸಾಕ್ಸ್ ತಾನಾಗಿ ಸೇರಿಸುವ ಡಿದರ್ ಎಂಬ ಸೂಕ್ಷ್ಮ ಗದ್ದಲ 16 ಬಿಟ್‌ನಲ್ಲಿ ಯಾವ ಕ್ಷೇತ್ರ ಮುದ್ರಿಕೆಯ ಹಿನ್ನೆಲೆ ಸದ್ದಿಗಿಂತಲೂ ಬಹಳ ಕೆಳಗಿರುತ್ತದೆ. ಮಾದರೀಕರಣ ದರ ಬದಲಿಸುವಾಗ ಸ್ಫೋಟದ ಹಿಂದುಮುಂದೆ ಬೀಳುವ ಕಂಪನದ ನೆರಳು ಘೋಷಾರಂಭ ಕಾಲವನ್ನು ಕೈಯಾರೆ ಗುರುತಿಸುವಾಗ ಆಗುವ ತಪ್ಪಿಗಿಂತ ಚಿಕ್ಕದು. ಆದರೆ ದರ ಬದಲಾಗುವಾಗ ತರಂಗದ ತುದಿಗಳು ಮಿತಿಮೀರಿ ಕತ್ತರಿಸಿಹೋದರೆ ಸಾಕ್ಸ್ ಎಷ್ಟು ಮಾದರಿಗಳು ಹಾಗಾದವೆಂದು ಎಚ್ಚರಿಕೆ ಕೊಡುತ್ತದೆ. ಸಾವಿರ ಕಡತಗಳ ಸರದಿಯಲ್ಲಿ ಈ ಎಚ್ಚರಿಕೆಗಳು ಪರದೆಯನ್ನು ತುಂಬುತ್ತವೆಂದು ಅವನ್ನು ಕಾಣದಂತೆ ಮಾಡಿಕೊಳ್ಳುವವರಿದ್ದಾರೆ. ‘ಗಾರ್ಡ್’ ಎಂಬ ಆಯ್ಕೆ ಕೊಟ್ಟರೆ ಕತ್ತರಿಸುವ ಪ್ರಸಂಗವೇ ಬಹುಮಟ್ಟಿಗೆ ತಪ್ಪುತ್ತದೆ.

ಎಂಪಿ3 ಕಡತಗಳ ಬಗ್ಗೆ ಎಚ್ಚರ ಬೇಕು. ಆ ರೂಪಕ್ಕೆ ತಂದು ಮತ್ತೆ ಬಿಡಿಸುವಾಗ ಮೊದಲಲ್ಲಿ ಸಾವಿರಕ್ಕೂ ಹೆಚ್ಚು ಮಾದರಿಗಳ ಖಾಲಿ ಜಾಗ ಸೇರಿಕೊಳ್ಳುವುದುಂಟು, ಅಂದರೆ 44.1 ಕಿಲೊಹರ್ಟ್ಸ್‌ನಲ್ಲಿ ಸುಮಾರು 25 ಮಿಲಿಸೆಕೆಂಡು. ಅದನ್ನು ಕೆಲವು ತಂತ್ರಾಂಶಗಳು ತೆಗೆಯುತ್ತವೆ, ಕೆಲವು ತೆಗೆಯುವುದಿಲ್ಲ. ಒಂದರಲ್ಲಿ ಬಿಡಿಸಿದ ಕಡತಕ್ಕೆ ಪ್ರಾಟ್‌ನಲ್ಲಿ ಗಡಿಗಳನ್ನು ಗುರುತಿಸಿ, ಇನ್ನೊಂದರಲ್ಲಿ ಬಿಡಿಸಿದ ಕಡತದ ಮೇಲೆ ಅಳತೆ ಮಾಡಿದರೆ ಪ್ರತಿ ಗಡಿಯೂ ಅಷ್ಟು ಜರುಗಿರುತ್ತದೆ. ಮೊಬೈಲುಗಳು ಸಾಮಾನ್ಯವಾಗಿ ಬರೆಯುವ ಎಂ4ಎ ರೂಪವನ್ನಂತೂ ಸಾಕ್ಸ್ ಓದುವುದಿಲ್ಲ. ಅದಕ್ಕೆ ಎಫ್‌ಎಫ್‌ಎಂಪೆಗ್ ಬೇಕು.

ಕಡತಗಳಿಗೆ ಕನ್ನಡದಲ್ಲಿ ಹೆಸರಿಡುವವರಿಗೆ ಒಂದು ಮಾತು. ಯೂನಿಕೋಡ್‌ನಲ್ಲಿ ‘ಕೋಳಿ’ಯ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. ಹಳೆಯ ಮ್ಯಾಕ್ ಡಿಸ್ಕುಗಳು ಹೆಸರುಗಳನ್ನು ಬಿಡಿಸಿಯೇ ಇಡುತ್ತಿದ್ದವು. ಅಲ್ಲಿಂದ ಲಿನಕ್ಸ್‌ಗೆ ತಂದ ಕಡತ ಕಣ್ಣೆದುರಿಗಿದ್ದೂ ಸಾಕ್ಸ್‌ಗೆ ಸಿಗದಿರುವುದು ಇದರಿಂದ. ಇದು ಸಾಕ್ಸ್‌ನ ತಪ್ಪಲ್ಲ, ಆದರೆ ಬೈಗುಳ ತಿನ್ನುವುದು ಅದೇ.

ಏನನ್ನು ಕೇಳಬೇಕು

2015ರ ಆವೃತ್ತಿಯ ಬಳಿಕ ಸಾಕ್ಸ್‌ನ ಅಧಿಕೃತ ಬೆಳವಣಿಗೆ ಬಹುತೇಕ ನಿಂತಿದೆ. ಸಾಕ್ಸ್ ಎನ್‌ಜಿ ಎಂಬ ಕವಲು ಅದನ್ನು ಮುಂದುವರಿಸುತ್ತಿದೆ. ನಿಂತಿರುವುದನ್ನು ನಾವು ದೋಷವೆಂದು ಪರಿಗಣಿಸುವುದಿಲ್ಲ. ಹತ್ತು ವರ್ಷ ಬದಲಾಗದ ಅಳತೆಗೋಲು ವಿಜ್ಞಾನಕ್ಕೆ ಒಳ್ಳೆಯದೇ. ಎಫ್‌ಎಫ್‌ಎಂಪೆಗ್ ಹೆಚ್ಚು ರೂಪಗಳನ್ನು ಓದುತ್ತದೆ, ಪ್ರಾಟ್ ಹೆಚ್ಚು ಭಾಷಾವಿಜ್ಞಾನ ಬಲ್ಲದು; ಆದರೂ ದೊಡ್ಡ ಸಂಗ್ರಹಗಳನ್ನು ಕತ್ತರಿಸಿ, ವಾಹಿನಿ ಆರಿಸಿ, ದರ ಇಳಿಸುವ ಕೆಲಸಕ್ಕೆ ನಾವು ಸಾಕ್ಸ್ ಅನ್ನೇ ಶಿಫಾರಸು ಮಾಡುತ್ತೇವೆ. ‘ಸೈಲೆನ್ಸ್’ ಮತ್ತು ‘ನಾಯ್ಸ್‌ರೆಡ್’ ಎರಡನ್ನು ಧ್ವನಿವೈಜ್ಞಾನಿಕ ಅಳತೆಗೆ ಒಳಪಡುವ ಯಾವ ಕಡತದ ಮೇಲೂ ಬಳಸಬಾರದು. ಲಿಪ್ಯಂತರಕಾರರ ಕಿವಿಗೆ ಹಿತವಾಗಲೆಂದು ಗದ್ದಲ ತಗ್ಗಿಸಿದ ಪ್ರತಿಯನ್ನು ಕೊಡುವುದಿದ್ದರೆ, ಮೂಲಪ್ರತಿಯನ್ನೂ ಜೊತೆಗೆ ಕೊಡಬೇಕು.

ಸ್ಟೀವನ್ ಬರ್ಡ್ ಮತ್ತು ಗ್ಯಾರಿ ಸೈಮನ್ಸ್ 2003ರಲ್ಲಿ ಭಾಷಾ ದಾಖಲಾತಿಯ ಸಾಗಿಸಬಲ್ಲತನವನ್ನು ಕುರಿತು ಬರೆದಾಗಿನಿಂದ ಕಡತಗಳ ರೂಪದ ಬಗ್ಗೆ ನಮ್ಮ ಕ್ಷೇತ್ರ ಸಾಕಷ್ಟು ಚರ್ಚಿಸಿದೆ. ಆ ಕಡತ ಆ ರೂಪಕ್ಕೆ ಹೇಗೆ ಬಂತೆಂಬ ಚರ್ಚೆ ಅಷ್ಟು ನಡೆದಿಲ್ಲ. ಈ ಪತ್ರಿಕೆಯ ಸಂಪಾದಕರು ಲೇಖಕರಿಂದ ಕೇಳಬಹುದಾದದ್ದು ಹೆಚ್ಚಿಲ್ಲ: ‘ಪರಿವರ್ತಿಸಲಾಯಿತು’ ಎಂಬ ವಾಕ್ಯದ ಜಾಗದಲ್ಲಿ ತಂತ್ರಾಂಶದ ಆವೃತ್ತಿ ಮತ್ತು ಬೆರಳಚ್ಚಿಸಿದ ಆ ಒಂದು ಸಾಲು, ಹಾಗೂ ಸಂಸ್ಕರಣಕ್ಕೆ ಮುಂಚಿನ ಕಡತಗಳು ಎಲ್ಲಿವೆಯೆಂಬ ಮಾಹಿತಿ. ಸಂಶೋಧನ ಪ್ರಬಂಧಗಳ ಪರೀಕ್ಷಕರಾಗಿ ನಾವು ಈಗ ಇದನ್ನು ಕೇಳುತ್ತಿದ್ದೇವೆ. ಉತ್ತರ ಕೊಡಲಾಗದವರಲ್ಲಿ ವಿದ್ಯಾರ್ಥಿಗಳಿಗಿಂತ ಮಾರ್ಗದರ್ಶಕರೇ ಹೆಚ್ಚು.

ನಮ್ಮ ಆ ಹಳೆಯ ಕಡತ ಇನ್ನೂ ಇದೆ. ಅದರ ವಿವರ ಕೇಳಿದರೆ ಸಾಕ್ಸ್ ಹೇಳುವುದು ಇಷ್ಟು: ಒಂದು ವಾಹಿನಿ, 16000 ಹರ್ಟ್ಸ್, 16 ಬಿಟ್. ಗದ್ದಲ ತೆಗೆದದ್ದರ ಗುರುತು ಶಿರೋಲೇಖದಲ್ಲಿ ಎಲ್ಲಿಯೂ ಇಲ್ಲ. ಆ ವೃದ್ಧೆ ಈಗಿಲ್ಲ. ಪುಸ್ತಕರೂಪಕ್ಕೆ ತಿದ್ದುತ್ತಿರುವ ನಮ್ಮ ಪ್ರಬಂಧದಿಂದ ಹಿನಕಲ್‌ನ ಹಿರಿಯ ಭಾಷಕರ ಹಕಾರವನ್ನು ಕುರಿತ ಪರಿಚ್ಛೇದವನ್ನು ತೆಗೆದುಹಾಕಿದ್ದೇವೆ. ಅದೇ ಬೀದಿಯಲ್ಲಿ ಹೊಸದಾಗಿ, ಫ್ಯಾನು ನಿಲ್ಲಿಸಿ, ಮುದ್ರಣ ಆರಂಭಿಸಿದ್ದೇವೆ.